ಡಿಜಿಟಲ್ ನಾಯಿಗೆ ತೂಕ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನವನು. ಬೆಳಗಾವಿಯಲ್ಲಿ ಅನಿಮೇಷನ್ ಡಿಪ್ಲೊಮಾ ಮುಗಿಸಿ ಈಗ ಊರಲ್ಲೇ ಕೂತು, ಕೆಲಸ ಕೇಳುವಾಗ ತೋರಿಸಲು ಶೋರೀಲ್ ಮಾಡುತ್ತಿದ್ದೇನೆ. ನಮ್ಮ ಕಬ್ಬಿನ ಹೊಲದಲ್ಲಿ ಮೊಬೈಲಿನಿಂದ ತೆಗೆದ ದೃಶ್ಯದೊಳಗೆ ಡಿಜಿಟಲ್ ಮುಧೋಳ ನಾಯಿಯೊಂದನ್ನು ಕೂರಿಸಿದ್ದೇನೆ. ಅದು ದೂರದಿಂದ ಓಡಿಬಂದು, ಬದು ಜಿಗಿದು, ನಮ್ಮ ಅಜ್ಜನ ಮುಂದೆ ನಿಂತು ಅವರ ಕೈಗೆ ಮೂತಿ ಒರಗಿಸುತ್ತದೆ. ಕೂದಲು, ಲೈಟಿಂಗ್ ಚೆನ್ನಾಗಿ ಬಂದಿದೆ ಅಂತ ಗೆಳೆಯರು ಹೇಳುತ್ತಾರೆ. ಅಜ್ಜ ಮಾತ್ರ ನೋಡಿದವರೇ "ನಾಯಿ ಚೊಲೊ ಐತಿ, ಆದ್ರ ಅದಕ್ಕ ತೂಕಾನ ಇಲ್ಲಲ್ಲೊ ತಮ್ಮಾ" ಅಂದುಬಿಟ್ಟರು. ರಿಗ್ (ಮಾಡೆಲ್ಲನ್ನು ಆಡಿಸುವ ಡಿಜಿಟಲ್ ಎಲುಬುಗೂಡು) ಸರಿ ಇಲ್ಲವೇ? ನಿಜವಾದ ಮೈಚಲನೆಯನ್ನೇ ಕಂಪ್ಯೂಟರಿಗೆ ಸೆರೆಹಿಡಿಯುವ ಮೋಷನ್ ಕ್ಯಾಪ್ಚರ್ ಕಲಿತರೆ ಸರಿಹೋದೀತೇ? ಕ್ಲಿಪ್ಪನ್ನೂ ಪ್ರಾಜೆಕ್ಟ್ ಫೈಲನ್ನೂ ಕಳಿಸಿದ್ದೇನೆ.

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ. ದೊಡ್ಡ ಸ್ಟುಡಿಯೋಗಳಲ್ಲಿ ಬೆಳಗ್ಗೆ ಎಲ್ಲರ ಶಾಟ್ ಪರದೆ ಮೇಲೆ ಹಾಕಿ ನೋಡುವಾಗ ಅನಿಮೇಷನ್ ಸೂಪರ್‌ವೈಸರ್ ಬಾಯಿಂದ ಅತಿ ಹೆಚ್ಚು ಸಲ ಬರುವ ಮಾತೂ ಇದೇ. ಅವರು ಅದನ್ನು "ಫ್ಲೋಟಿ", ಅಂದರೆ ತೇಲುತ್ತಿದೆ, ಅನ್ನುತ್ತಾರೆ, ಅಷ್ಟೇ.

ಫೈಲ್ ತೆರೆದವನೇ ನಾಯಿಯ ಕೂದಲು ಆಫ್ ಮಾಡಿದೆ, ಟೆಕ್ಸ್ಚರ್ ತೆಗೆದೆ, ಬೂದುಬಣ್ಣದ ಬೋಳು ಮಾಡೆಲ್ ಇಟ್ಟುಕೊಂಡು ನೋಡಿದೆ. ನೀವೂ ಹಾಗೇ ಮಾಡಿ. ಕೂದಲು ಎಷ್ಟೋ ತಪ್ಪನ್ನು ಮುಚ್ಚುತ್ತದೆ, ಮಾಡಿದವರ ಕಣ್ಣನ್ನಂತೂ ಮೊದಲು ಮುಚ್ಚುತ್ತದೆ. ಬೋಳು ನಾಯಿಯನ್ನು ನೋಡಿದರೆ ರೋಗ ಎಲ್ಲಿದೆ ಅಂತ ತಾನಾಗೇ ಕಾಣುತ್ತದೆ. ರಿಗ್‌ನಲ್ಲಿ ಒಂದು ಸಣ್ಣ ಕೊರತೆ ಇದೆ, ಆಮೇಲೆ ಹೇಳುತ್ತೇನೆ. ಉಳಿದದ್ದೆಲ್ಲ ಟೈಮಿಂಗ್. ತೂಕ ಅನ್ನುವುದನ್ನು ಪರದೆಯ ಮೇಲೆ ಯಾರೂ ತೂಗಿ ನೋಡಲಾರರು. ಏರುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಇಳಿಯುವುದಕ್ಕೆ ಎಷ್ಟು, ನಿಲ್ಲುವುದಕ್ಕೆ ಎಷ್ಟು ನೆಲ ಬೇಕಾಯಿತು, ಇಷ್ಟರಿಂದಲೇ ಕಣ್ಣು ತೂಕವನ್ನು ಅಂದಾಜು ಮಾಡುತ್ತದೆ. ಹೊಲದಲ್ಲಿ ಆಯುಷ್ಯ ಕಳೆದವರ ಕಣ್ಣು ಈ ಲೆಕ್ಕದಲ್ಲಿ ನಮ್ಮನಿಮ್ಮ ಕಣ್ಣಿಗಿಂತ ಚುರುಕು.

ಬದು ಜಿಗಿಯುವ ಜಾಗವನ್ನೇ ಮೊದಲು ತೆಗೆದುಕೊಳ್ಳೋಣ. ಹಿಂಗಾಲು ನೆಲ ಬಿಟ್ಟಲ್ಲಿಂದ ಮುಂಗಾಲು ನೆಲ ಮುಟ್ಟುವವರೆಗೆ ನೀವು 30 ಫ್ರೇಮು ಕೊಟ್ಟಿದ್ದೀರಿ. ಅಷ್ಟರಲ್ಲಿ ನಾಯಿಯ ಮೈ ಎದ್ದದ್ದು ಎರಡು ಅಡಿ, ಅಂದರೆ ಸುಮಾರು 60 ಸೆಂಟಿಮೀಟರ್. ಇವೆರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಲೆಕ್ಕ ಹೈಸ್ಕೂಲಿನದೇ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾದಲ್ಲಿ ಗಾಳಿಯಲ್ಲಿ ಕೈಬಿಟ್ಟ ವಸ್ತು 1ನೇ ಫ್ರೇಮಿನ ಹೊತ್ತಿಗೆ 0.85 ಸೆಂ.ಮೀ. ಇಳಿದಿರುತ್ತದೆ, 2ನೇ ಫ್ರೇಮಿಗೆ 3.4, 6ನೇ ಫ್ರೇಮಿಗೆ 30.6, 12ನೇ ಫ್ರೇಮಿಗೆ 122 ಸೆಂ.ಮೀ. ಅಂದರೆ ಫ್ರೇಮಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.85ರಿಂದ ಗುಣಿಸಿದರೆ ಆಯಿತು. ಏರುವಾಗಲೂ ಇದೇ ಲೆಕ್ಕ, ತಿರುವುಮುರುವಾಗಿ. 60 ಸೆಂ.ಮೀ. ಏರುವುದಕ್ಕೆ ಎಂಟು ಚಿಲ್ಲರೆ ಫ್ರೇಮು, ಇಳಿಯುವುದಕ್ಕೆ ಅಷ್ಟೇ, ಒಟ್ಟು 17. ನಿಮ್ಮ ನಾಯಿ 30 ಫ್ರೇಮು ಗಾಳಿಯಲ್ಲಿ ಇರಲೇಬೇಕೆಂದರೆ ಅದು 190 ಸೆಂ.ಮೀ. ಮೇಲೇಳಬೇಕು. ಬದುವನ್ನಲ್ಲ, ಅಜ್ಜನನ್ನೇ ದಾಟಿ ಹೋಗುವ ಜಿಗಿತ ಅದು. ಎರಡಡಿಯ ಜಿಗಿತಕ್ಕೆ ಆರಡಿಯ ಹೊತ್ತು ಕೊಟ್ಟರೆ ನಾಯಿ ಬಲೂನಾಗುತ್ತದೆ.

ಹೀಗೆ ಏಕೆ ಆಗುತ್ತದೆ ಅಂತಲೂ ನನಗೆ ಗೊತ್ತು. ಗಾಳಿಯಲ್ಲಿರುವ ಭಂಗಿ ಚೆಂದ ಬಂದಿರುತ್ತದೆ, ಅದನ್ನು ಇನ್ನೊಂದು ಸ್ವಲ್ಪ ಹೊತ್ತು ಕಾಣಿಸೋಣ ಅನ್ನಿಸುತ್ತದೆ. ನಿರ್ದೇಶಕರೂ ಹಾಗೇ ಕೇಳುತ್ತಾರೆ. ನಿಧಾನ ಬೇಕೆಂದರೆ ಪ್ಲೇಟನ್ನೇ, ಅಂದರೆ ಕ್ಯಾಮೆರಾದಿಂದ ತೆಗೆಯುವ ನಿಜ ದೃಶ್ಯವನ್ನೇ, ಸೆಕೆಂಡಿಗೆ 48 ಫ್ರೇಮಿನಲ್ಲಿ ತೆಗೆಯಬೇಕು. ಆಗ ನಾಯಿಯ ಜತೆಗೆ ಕಬ್ಬಿನ ಗರಿ, ಧೂಳು, ಅಜ್ಜನ ಧೋತರದ ಸೆರಗು ಎಲ್ಲವೂ ನಿಧಾನವಾಗುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಗರಿ ತನ್ನ ವೇಗದಲ್ಲಿ ಅಲುಗುತ್ತಿರುವಾಗ ನಾಯಿಯೊಂದೇ ನಿಧಾನವಾದರೆ ಕಣ್ಣು ಒಪ್ಪುವುದಿಲ್ಲ.

ಗ್ರಾಫ್ ಎಡಿಟರ್‌ನಲ್ಲಿ (ಚಲನೆಯನ್ನು ಗೆರೆಯಾಗಿ, ಅಂದರೆ ಕರ್ವ್ ಆಗಿ ತೋರಿಸುವ ಕಿಟಕಿಯಲ್ಲಿ) ತಿದ್ದುವಾಗ ಒಂದು ಎಚ್ಚರ. ನಿಮ್ಮ ರಿಗ್‌ನ ಮುಖ್ಯ ಕಂಟ್ರೋಲ್ ಸೊಂಟದ ಹತ್ತಿರ ಇದೆ. ನಾಯಿಯ ಭಾರ ಇರುವುದು ಅಲ್ಲಿ ಅಲ್ಲ. ನಿಂತ ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲಿರುತ್ತದೆ. ಹಾಗಾಗಿ ಭಾರದ ನಡುಬಿಂದು ಎದೆಗೂಡಿನ ಹಿಂಭಾಗಕ್ಕೆ ಬರುತ್ತದೆ. ಗಾಳಿಯಲ್ಲಿರುವಾಗ ಸರಿಯಾದ ಬಿಲ್ಲಿನಾಕಾರದಲ್ಲಿ ಸಾಗಬೇಕಾದದ್ದು ಆ ಬಿಂದು. ಸೊಂಟ ಅದರ ಸುತ್ತ ಮೇಲೆ ಕೆಳಗೆ ಆಗಬಹುದು, ಆಗಲೇಬೇಕು. ನೀವು ಸೊಂಟದ ಕರ್ವ್ ಅನ್ನು ಅಂದವಾಗಿ ತಿದ್ದಿದ್ದೀರಿ, ಅದರಿಂದಾಗಿ ಎದೆ ಹಾವಿನ ಹಾಗೆ ಹೊರಳಿದೆ. ಒಂದು ಸಣ್ಣ ಲೊಕೇಟರ್ (ಗುರುತಿನ ಬಿಂದು) ಮಾಡಿ, ಎದೆಗೂಡಿನ ಹಿಂದೆ ಕಟ್ಟಿ, ಅದರ ದಾರಿಯನ್ನು ಪರದೆಯ ಮೇಲೆ ಬರೆಸಿಕೊಳ್ಳಿ. ಇದಕ್ಕೆ ಮಾಯಾ ಸಾಫ್ಟ್‌ವೇರ್‌ನಲ್ಲಿ ಮೋಷನ್ ಟ್ರೇಲ್, ಬ್ಲೆಂಡರ್‌ನಲ್ಲಿ ಮೋಷನ್ ಪಾತ್. ಪ್ರತಿ ಫ್ರೇಮಿನ ಚುಕ್ಕೆ ಕಾಣುತ್ತದೆ. ಜಿಗಿತದ ನೆತ್ತಿಯ ಹತ್ತಿರ ಚುಕ್ಕೆಗಳ ಏರಿಳಿತ ಚಿಕ್ಕದು, ನೆಲದ ಹತ್ತಿರ ದೊಡ್ಡದು, ಪ್ರತಿ ಫ್ರೇಮಿಗೂ 1.7 ಸೆಂ.ಮೀ.ನಂತೆ ಅಂತರ ಬೆಳೆಯುತ್ತಾ ಹೋಗಬೇಕು. ಇಷ್ಟಾದರೆ ಜಿಗಿತದ ಮುಕ್ಕಾಲು ಕೆಲಸ ಮುಗಿಯಿತು.

ಆದರೆ ಈ ಲೆಕ್ಕವೆಲ್ಲ ನಿಲ್ಲುವುದು ದೃಶ್ಯದ ಅಳತೆ ಸರಿಯಿದ್ದರೆ ಮಾತ್ರ. ಮ್ಯಾಚ್‌ಮೂವ್ ಮಾಡಿದ, ಅಂದರೆ ನಿಮ್ಮ ಮೊಬೈಲಿನ ಚಲನೆಗೆ ಹೊಂದಿಸಿದ, ಡಿಜಿಟಲ್ ಕ್ಯಾಮೆರಾಗೆ ತಾನಾಗಿ ಅಳತೆ ಗೊತ್ತಿರುವುದಿಲ್ಲ. ಹೊಲದಲ್ಲಿ ಅಳೆದ ಒಂದು ದೂರವನ್ನು ನೀವೇ ಹೇಳಿಕೊಡಬೇಕು. ಮುಧೋಳ ನಾಯಿಯ ಎತ್ತರ ಭುಜದ ಹತ್ತಿರ ಸುಮಾರು 70 ಸೆಂ.ಮೀ. ಇರುತ್ತದೆ. ನಿಮ್ಮ ಫೈಲ್‌ನಲ್ಲಿ ಅದು 112 ಇತ್ತು. ಪರದೆ ಮೇಲೆ ಅಜ್ಜನ ಪಕ್ಕ ಸರಿಯಾಗೇ ಕಾಣುತ್ತದೆ, ಯಾಕೆಂದರೆ ಇಡೀ ಹೊಲವೇ ಅಷ್ಟು ದೊಡ್ಡದಾಗಿದೆ. ಸಾಫ್ಟ್‌ವೇರ್‌ನ ಗುರುತ್ವ, ಕಿವಿ ಬಾಲಕ್ಕೆ ಹಾಕಿದ ಸಿಮ್ಯುಲೇಷನ್ (ಕಂಪ್ಯೂಟರ್ ತಾನೇ ಲೆಕ್ಕಹಾಕಿ ಮಾಡುವ ಅಲುಗಾಟ) ಎಲ್ಲ ಆ ದೈತ್ಯ ನಾಯಿಗೆ ತಕ್ಕಂತೆ ನಿಧಾನವಾಗಿ ನಡೆದಿವೆ. ಇದನ್ನೇ ಬೇಕೆಂದು ಬಳಸುವುದೂ ಉಂಟು. ಪ್ರಾಣಿ ನಾಲ್ಕು ಪಟ್ಟು ಎತ್ತರವಾದರೆ ಅದೇ ಚಲನೆಗೆ ಎರಡು ಪಟ್ಟು ಹೊತ್ತು ಬೇಕು, ಒಂಬತ್ತು ಪಟ್ಟಾದರೆ ಮೂರು ಪಟ್ಟು. ಸಿನಿಮಾದ ರಾಕ್ಷಸರು ನಿಧಾನವಾಗಿ ಕೈಯೆತ್ತುವುದು ಗತ್ತಿಗಲ್ಲ, ಈ ಲೆಕ್ಕಕ್ಕೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಮೊಬೈಲ್ ತೆಗೆದದ್ದು 30 ಫ್ರೇಮಿನಲ್ಲಿ, ಪ್ರಾಜೆಕ್ಟ್ 24ರಲ್ಲಿ. ಇಳಿಸುವಾಗ ಐದಕ್ಕೊಂದು ಫ್ರೇಮು ಬಿದ್ದುಹೋಗಿದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವ ಕಡೆ ಹಿನ್ನೆಲೆ ಸಣ್ಣಗೆ ಕುಂಟುತ್ತದೆ. ನಾಯಿ ಮಾತ್ರ ನುಣ್ಣಗೆ ಓಡುತ್ತದೆ. ಅದು ಅಂಟಿಸಿದ ಹಾಗೆ ಕಾಣಲು ಇದೂ ಒಂದು ಕಾರಣ. ಮತ್ತೆ ಶೂಟ್ ಮಾಡಲು ಆಗುವುದಾದರೆ 24ರಲ್ಲೇ ತೆಗೆಯಿರಿ, ಶಟರ್ 1/48ಕ್ಕೋ 1/50ಕ್ಕೋ ಕಟ್ಟಿಹಾಕಿ. ಆಗದಿದ್ದರೆ ಪ್ರಾಜೆಕ್ಟನ್ನೇ 30ಕ್ಕೆ ಬದಲಿಸಿ. ಆಗ ಮೇಲಿನ 0.85ರ ಬದಲು 0.54 ಹಾಕಿಕೊಳ್ಳಬೇಕು.

ಈಗ ಓಟಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು.

ನೀವು ಓಡಿಸಿರುವುದು ನಾಯಿಯ ಮೈಯನ್ನು, ಆದರೆ ಓಟ ಕುದುರೆಯದು. ಕುದುರೆಯ ಗ್ಯಾಲಪ್ (ನಾಗಾಲೋಟ) ರೆಫರೆನ್ಸ್, ಅಂದರೆ ನೋಡಿಕೊಂಡು ಮಾಡುವ ವಿಡಿಯೋ, ಎಲ್ಲೆಲ್ಲೂ ಸಿಗುತ್ತದೆ, ನೀವು ಅದನ್ನೇ ಇಟ್ಟುಕೊಂಡಿದ್ದೀರಿ ಅಂತ ಕಾಲು ಬೀಳುವ ಕ್ರಮ ನೋಡಿದರೆ ಗೊತ್ತಾಗುತ್ತದೆ. ಕುದುರೆ ಓಡುವಾಗ ಒಂದು ಸುತ್ತಿಗೆ, ಅಂದರೆ ನಾಲ್ಕೂ ಕಾಲು ಒಂದೊಂದು ಸಲ ನೆಲ ಮುಟ್ಟಿ ಮುಗಿಯುವಷ್ಟರಲ್ಲಿ, ಒಂದೇ ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ, ಅದೂ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದು ತೋರಿಸಿದ್ದು ಇದನ್ನೇ. ಅದಕ್ಕೂ ಮುಂಚೆ ಎಷ್ಟೋ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಕುದುರೆಯನ್ನು ಬರೆಯುತ್ತಿದ್ದರು. ಕುದುರೆಯ ಮಟ್ಟಿಗೆ ಆ ಭಂಗಿ ತಪ್ಪು. ಬೇಟೆನಾಯಿಯ ಮಟ್ಟಿಗೆ ಅದು ನಿಜ.

ಮುಧೋಳ ನಾಯಿ ಪೂರ್ತಿ ಬಿಟ್ಟು ಓಡುವಾಗ ಒಂದು ಸುತ್ತಿಗೆ ಎರಡು ಸಲ ನೆಲ ಬಿಡುತ್ತದೆ. ಹಿಂಗಾಲು ಒಂದರ ಹಿಂದೊಂದು ಒದ್ದಾಗ ಮೈ ಪೂರ್ತಿ ಚಾಚುತ್ತದೆ, ಬೆನ್ನು ನೇರವಾಗುತ್ತದೆ, ನಾಲ್ಕೂ ಕಾಲು ಎರಡು ದಿಕ್ಕಿಗೆ. ಇದು ಮೊದಲ ಹಾರಾಟ. ಆಮೇಲೆ ಮುಂಗಾಲು ಒಂದೊಂದಾಗಿ ನೆಲ ಮುಟ್ಟಿ, ಮೈಯನ್ನು ದಾಟಿಸಿ, ನೆಲ ಬಿಡುತ್ತವೆ. ಬೆನ್ನು ಕಮಾನಾಗಿ ಬಾಗುತ್ತದೆ, ಹಿಂಗಾಲು ಮುಂಗಾಲಿನ ಹೊರಬದಿಯಿಂದ ದಾಟಿ ಮುಂದೆ ಬರುತ್ತವೆ. ಇದು ಎರಡನೆಯ ಹಾರಾಟ. ಕಾಲು ಬೀಳುವ ಕ್ರಮವೂ ಬೇರೆ. ಕುದುರೆಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಓಡುವ ನಾಯಿಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಮುಂದಿನ ಎಡ, ಹೀಗೆ ಸುತ್ತು ಹಾಕಿದ ಹಾಗೆ. ನಿಮ್ಮ ಕ್ಲಿಪ್‌ನಲ್ಲಿ ಚಾಚಿದ ಹಾರಾಟವೇ ಇಲ್ಲ. ಬೆನ್ನೆಲುಬಿನ ಕಂಟ್ರೋಲ್‌ಗಳ ಮೇಲೆ ಕೀ (ಈ ಫ್ರೇಮಿನಲ್ಲಿ ಈ ಭಂಗಿ ಅಂತ ಹಾಕುವ ಗುರುತು) ಕೂಡ ಇಲ್ಲ. ಬೇಟೆನಾಯಿ ಅರ್ಧ ಓಡುವುದೇ ಬೆನ್ನಿನಿಂದ.

ಇನ್ನು ವೇಗ. ನೀವು ಒಂದು ಸುತ್ತಿಗೆ 12 ಫ್ರೇಮು ಕೊಟ್ಟಿದ್ದೀರಿ, ಅಂದರೆ ಸೆಕೆಂಡಿಗೆ ಎರಡು ಸುತ್ತು. ಬೇಟೆನಾಯಿ ಜೋರಾಗಿ ಓಡುವಾಗ ಸೆಕೆಂಡಿಗೆ ಮೂರರಿಂದ ಮೂರೂವರೆ ಸುತ್ತು ಹಾಕುತ್ತದೆ. ಅಂದರೆ ಒಂದು ಸುತ್ತಿಗೆ 7-8 ಫ್ರೇಮು. ಆ ಏಳೆಂಟು ಫ್ರೇಮಿನಲ್ಲಿ ನಾಲ್ಕು ಕಾಲು ನೆಲ ಮುಟ್ಟಬೇಕು, ಎರಡು ಹಾರಾಟ ಆಗಬೇಕು. ಒಂದು ಕಾಲು ನೆಲದ ಮೇಲಿರುವುದು ಒಂದೆರಡು ಫ್ರೇಮು, ಅಷ್ಟೇ. ಇಂಥ ಕಡೆ ಎರಡು ಕೀ ಇಟ್ಟು ನಡುವಿನದ್ದನ್ನು ಕಂಪ್ಯೂಟರ್‌ಗೆ ಬಿಟ್ಟರೆ ಅದು ಗಂಜಿ ಮಾಡುತ್ತದೆ. ಪ್ರತಿ ಫ್ರೇಮಿನಲ್ಲೂ ಭಂಗಿ ನೀವೇ ಕೂರಿಸಬೇಕು. ತಲೆಯನ್ನು ಮಾತ್ರ ಆದಷ್ಟು ನೆಟ್ಟಗೆ ಇಡಿ. ಮೈ ಎಷ್ಟೇ ಮಡಚಿ ಬಿಚ್ಚಿದರೂ ಗುರಿ ಹಿಡಿದ ನಾಯಿಯ ತಲೆ ಹಳಿಯ ಮೇಲೆ ಹೋಗುವಷ್ಟು ಸಮನಾಗಿ ಹೋಗುತ್ತದೆ. ಅದು ನೋಡುತ್ತಲೇ ಓಡುವ ನಾಯಿ, ಮೂಸುತ್ತ ಓಡುವ ಜಾತಿಯಲ್ಲ.

ಮಾಡಿದ ಒಂದು ಸುತ್ತನ್ನೇ ಹತ್ತು ಸಲ ಕಾಪಿ ಮಾಡಿ ಅಂಟಿಸಿರುವುದೂ ಕಾಣುತ್ತದೆ. ಉತ್ತ ಎರೆಮಣ್ಣಿನ ಮೇಲೆ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ಹೆಂಟೆಯ ಮೇಲೆ ಬಿದ್ದ ಕಾಲು ಸ್ವಲ್ಪ ಬೇಗ ನಿಲ್ಲುತ್ತದೆ, ಸಾಲಿನೊಳಗೆ ಇಳಿದ ಕಾಲು ಇನ್ನೊಂದೆರಡು ಬೆರಳು ಆಳಕ್ಕೆ ಹೋಗುತ್ತದೆ, ಭುಜ ಆ ಕಡೆ ವಾಲುತ್ತದೆ. ಹೊಲದ ನೆಲವನ್ನು ನೀವು ಚಪ್ಪಟೆ ಹಲಗೆಯಾಗಿ ಇಟ್ಟಿದ್ದೀರಿ. ಸಾಲುಗಳನ್ನು ಒರಟಾಗಿಯಾದರೂ ಮಾಡೆಲ್ ಮಾಡಿ, ಆಮೇಲೆ ಪ್ರತಿ ಸುತ್ತನ್ನೂ ಅದಕ್ಕೆ ತಕ್ಕಂತೆ ತಿದ್ದಿ.

ಇದಕ್ಕೆಲ್ಲ ರೆಫರೆನ್ಸ್ ಬೇಕು, ಅದನ್ನು ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ಜಗತ್ತಿನ ಬೇರೆ ಅನಿಮೇಟರುಗಳಿಗೆ ಗ್ರೇಹೌಂಡ್ ವಿಡಿಯೋನೇ ಗತಿ, ನಿಮಗೆ ಓಣಿಯಲ್ಲೇ ನಾಯಿ ಇದೆ. ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ, ಸುತ್ತಲ ಹಳ್ಳಿಗಳಲ್ಲಿ ಸಾಕುವವರಿದ್ದಾರೆ. ಅನುಮತಿ ಕೇಳಿ, ಬೆಳಗಿನ ತಂಪಿನಲ್ಲಿ, ಮೊಬೈಲನ್ನು ನಾಯಿಯ ಭುಜದ ಎತ್ತರಕ್ಕೆ ಸ್ಟ್ಯಾಂಡಿಗೆ ಕಟ್ಟಿ, ಅಡ್ಡಬದಿಯಿಂದ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಓಡುವ ದಾರಿಯುದ್ದಕ್ಕೂ ಮೀಟರಿಗೊಂದು ಗೂಟ ನೆಡಿ, ವೇಗದ ಲೆಕ್ಕ ಅದರಿಂದ ಸಿಗುತ್ತದೆ. ಓಡಿಸಲು ಹಗ್ಗಕ್ಕೆ ಕಟ್ಟಿದ ಬಟ್ಟೆ ಸಾಕು. ಮೊಲ ಬಿಡುವ ಮಾತೇ ಬೇಡ, ಅದು ಕಾನೂನಿಗೆ ವಿರುದ್ಧ. 240 ಫ್ರೇಮಿನಲ್ಲಿ ತೆಗೆದರೆ ಹತ್ತಕ್ಕೊಂದು ಫ್ರೇಮು ಹೆಕ್ಕಿದಾಗ 24ರ ನಿಜವಾದ ವೇಗ ಸಿಗುತ್ತದೆ. ಸ್ಲೋ ಮೋಷನ್ ನೋಡುತ್ತ ಅದೇ ನಿಧಾನದಲ್ಲಿ ಅನಿಮೇಟ್ ಮಾಡಿಬಿಡುವ ಹುಡುಗರೂ ಇದ್ದಾರೆ, ಅದಕ್ಕೇ ಹೇಳಿದೆ.

ರಿಗ್‌ನ ಕೊರತೆ ಈಗ. ನಾಯಿಗೆ ನಮ್ಮ ಹಾಗೆ ಕಾಲರ್ ಬೋನ್ ಇಲ್ಲ, ಇದ್ದರೂ ಹೆಸರಿಗೆ ಮಾತ್ರ. ಮುಂಗಾಲು ಮೈಗೆ ಕೂಡಿಕೊಂಡಿರುವುದು ಮೂಳೆಯ ಕೀಲಿನಿಂದಲ್ಲ, ಬರೀ ಮಾಂಸಖಂಡದಿಂದ. ಎರಡು ಹೆಗಲಿನ ಅಗಲ ಮೂಳೆಗಳ ನಡುವೆ ಎದೆಗೂಡು ತೊಟ್ಟಿಲಿನ ಹಾಗೆ ತೂಗಿಕೊಂಡಿರುತ್ತದೆ. ಬದುವಿನಿಂದ ಇಳಿದು ಮುಂಗಾಲು ನೆಲಕ್ಕೆ ಅಪ್ಪಳಿಸಿದಾಗ ಕಾಲು ನಿಲ್ಲುತ್ತದೆ, ಎದೆ ಇನ್ನೂ ಕೆಳಗಿಳಿಯುತ್ತದೆ, ಹೆಗಲ ಮೂಳೆಯ ತುದಿ ಬೆನ್ನಿನ ಗೆರೆಗಿಂತ ಮೇಲೆ ಎದ್ದು ಕಾಣುತ್ತದೆ. ಕೂದಲು ಗಿಡ್ಡ ಇರುವ ಮುಧೋಳದಲ್ಲಂತೂ ಚರ್ಮದಡಿ ಅದು ಜಾರುವುದು ನೇರವಾಗಿ ಕಾಣುತ್ತದೆ. ನಿಮ್ಮ ರಿಗ್‌ನಲ್ಲಿ ಈ ಮೂಳೆಗೆ ತಿರುಗುವ ಕಂಟ್ರೋಲ್ ಇದೆ, ಜಾರುವ ಕಂಟ್ರೋಲ್ ಇಲ್ಲ. ಅದೊಂದನ್ನು ಸೇರಿಸಿಕೊಳ್ಳಿ.

ಹಾಗೇ, ನಾವು ನಾಯಿಯ ಮುಂದಿನ ಮೊಣಕಾಲು ಅನ್ನುವುದು ನಿಜದಲ್ಲಿ ಅದರ ಮಣಿಕಟ್ಟು. ಜೋರಾಗಿ ಇಳಿಯುವಾಗ ಅದು ಹಿಂದಕ್ಕೆ ಬಾಗಿ ನೆಲದ ಹತ್ತಿರ ಹತ್ತಿರ ಬರುತ್ತದೆ. ಕಾಲಿನ ಹಿಂಬದಿ, ಮಣಿಕಟ್ಟಿನ ಹತ್ತಿರ ಇರುವ ಸಣ್ಣ ಮೆತ್ತೆಯನ್ನು ನೋಡಿದ್ದೀರಲ್ಲ, ಅದು ನೆಲಕ್ಕೆ ಉಜ್ಜುವುದು ಇಂಥ ಹೊತ್ತಿನಲ್ಲಿ. ನಿಮ್ಮ ನಾಯಿ ಇಳಿದಾಗ ಮಣಿಕಟ್ಟು ಕೋಲಿನ ಹಾಗೆ ನಿಂತಿದೆ. 25 ಕಿಲೋ ಹತ್ತಿರದ ಪ್ರಾಣಿ ಆ ವೇಗದಲ್ಲಿ ಹಾಗೆ ಇಳಿದರೆ ಮೂಳೆ ಮುರಿಯುತ್ತದೆ. ನೆಲ ಮುಟ್ಟಿದ ಫ್ರೇಮಿನ ನಂತರದ ಎರಡು ಮೂರು ಫ್ರೇಮುಗಳಲ್ಲಿ ಮಣಿಕಟ್ಟು, ಮೊಣಕೈ, ಹೆಗಲು, ಎದೆ ಈ ಕ್ರಮದಲ್ಲಿ ಒಂದೊಂದು ಫ್ರೇಮು ತಡವಾಗಿ ಕುಸಿಯಲಿ. ಕಿವಿ, ತುಟಿ, ಕತ್ತಿನ ಚರ್ಮ ಅದಕ್ಕೂ ತಡ. ಚರ್ಮ, ಮಾಂಸದ ಸೂಕ್ಷ್ಮ ಅಲುಗಾಟವನ್ನು ಸ್ಟುಡಿಯೋದಲ್ಲಿ ಬೇರೆ ವಿಭಾಗ ಸಿಮ್ಯುಲೇಷನ್‌ನಿಂದ ಮಾಡುತ್ತದೆ. ಆದರೆ ಮೂಳೆಯ ಏಟು ಅನಿಮೇಟರ್ ಕೊಡದಿದ್ದರೆ ಸಿಮ್ಯುಲೇಷನ್‌ಗೆ ಅಲುಗಿಸಲು ಏನೂ ಇರುವುದಿಲ್ಲ.

ಬೆಳಗಾವಿಯಲ್ಲಿ ನನ್ನ ಹತ್ತಿರ ಬರುವ ಹುಡುಗರನ್ನು ನಾನು ಮೊದಲು ಕಳಿಸುವುದು ಎಪಿಎಂಸಿ ಯಾರ್ಡಿಗೆ. ಹಮಾಲರು ಲಾರಿಯಿಂದ ಚೀಲ ಇಳಿಸುವುದನ್ನು ನೋಡಿಕೊಂಡು ಬನ್ನಿ ಅನ್ನುತ್ತೇನೆ. ತುಂಬಿದ ಚೀಲ ಬೆನ್ನಿಗೆ ಬರುವ ಮುಂಚೆಯೇ ಹಮಾಲನ ಪಾದ ಅಗಲವಾಗಿರುತ್ತದೆ, ಸೊಂಟ ಚೀಲದ ಕೆಳಗೆ ಬಂದಿರುತ್ತದೆ. ಭಾರ ಬಿದ್ದ ಮೇಲೆ ಹೆಜ್ಜೆ ಗಿಡ್ಡವಾಗುತ್ತದೆ, ಎರಡೂ ಪಾದ ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ, ತಲೆ ಕುಣಿಯುವುದು ನಿಲ್ಲುತ್ತದೆ. ಅದೇ ಮನುಷ್ಯ ಖಾಲಿ ಚೀಲ ಹೆಗಲ ಮೇಲೆ ಒಗೆದುಕೊಂಡು ವಾಪಸು ಹೋಗುವಾಗ ನೋಡಿ. ಮುಖ ಕಾಣದಿದ್ದರೂ, ಚೀಲವನ್ನೇ ಅಳಿಸಿಹಾಕಿದರೂ, ಯಾವುದು ತುಂಬಿದ್ದು ಯಾವುದು ಖಾಲಿ ಅಂತ ಹೇಳಬಹುದು. ಮಾಡುವುದಕ್ಕಿಂತ ಮುಂಚಿನ ತಯಾರಿಯಲ್ಲೇ ಅರ್ಧ ತೂಕ ಇರುತ್ತದೆ.

ನಿಮ್ಮ ನಾಯಿ ನಿಲ್ಲುವ ಜಾಗದಲ್ಲಿ ಇಲ್ಲದಿರುವುದು ಈ ತಯಾರಿಯೇ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬಂದು 12 ಫ್ರೇಮಿನಲ್ಲಿ ಗಕ್ಕನೆ ನಿಂತಿದೆ. ಅಷ್ಟು ಬೇಗ ನಿಲ್ಲಲು ನೆಲದ ಹಿಡಿತ ನಾಯಿಯ ತೂಕದ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಸಡಿಲ ಮಣ್ಣಿನಲ್ಲಿ ಅದು ಎಲ್ಲಿಂದ ಬಂದೀತು? ಒಂದೂವರೆ ಸೆಕೆಂಡಾದರೂ ಕೊಡಿ. ಒಂಬತ್ತು ಹತ್ತು ಮೀಟರ್ ದೂರ ಇರುವಾಗಲೇ ಸುತ್ತುಗಳು ಗಿಡ್ಡವಾಗಲಿ, ತಲೆ ಏಳಲಿ, ಹಿಂಭಾಗ ಕುಗ್ಗಿ ಹಿಂಗಾಲು ಮೈಯಡಿ ಬರಲಿ, ಮುಂಗಾಲು ಚಾಚಿ ಒತ್ತಲಿ. ಕೊನೆಯಲ್ಲಿ ಮೈ ಒಂದಿಷ್ಟು ಮುಂದಕ್ಕೆ ವಾಲಿ ಹಿಂದಕ್ಕೆ ಬರಲಿ. ಮಣ್ಣು ಎಲ್ಲಿ ಯಾವ ಫ್ರೇಮಿನಲ್ಲಿ ಚಿಮ್ಮಬೇಕು ಅನ್ನುವುದನ್ನೂ ಇದೇ ನಿರ್ಧರಿಸುತ್ತದೆ. ನೀವು ಧೂಳನ್ನು ಅಂದಾಜಿಗೆ ಹಾಕಿದ್ದೀರಿ, ಕಾಲು ಬಿದ್ದು ಐದು ಫ್ರೇಮಿನ ಮೇಲೆ ಧೂಳು ಏಳುತ್ತಿದೆ.

ನಿಂತ ಮೇಲೆ ಉಸಿರು ಮರೆತಿದ್ದೀರಿ. ಪೂರ್ತಿ ಓಟದಲ್ಲಿ ಒಂದು ಸುತ್ತಿಗೆ ಒಂದು ಉಸಿರು, ಮೈ ಮಡಚಿದಾಗ ಹೊರಗೆ, ಚಾಚಿದಾಗ ಒಳಗೆ. ನಿಂತ ಕೂಡಲೇ ತೇಕುವುದು ಶುರುವಾಗುತ್ತದೆ, ಸೆಕೆಂಡಿಗೆ ನಾಲ್ಕೈದು ಸಲ, ಅಂದರೆ ಒಂದೊಂದಕ್ಕೆ ಐದಾರು ಫ್ರೇಮು. ಪಕ್ಕೆ, ನಾಲಿಗೆ, ಬಾಲದ ತುದಿಯವರೆಗೂ ಅದು ಹೋಗಬೇಕು. ಇದನ್ನು ಹಾಕಿದ ದಿನ ನಿಮ್ಮ ಶಾಟ್‌ಗೆ ಅರ್ಧ ಜೀವ ಬರುತ್ತದೆ.

ಅಜ್ಜನ ಕೈಗೆ ಮೂತಿ ಒರಗಿಸುವುದು ಇಡೀ ಶಾಟ್‌ನ ಅತಿ ಕಷ್ಟದ ಭಾಗ. ಇಲ್ಲಿ ನಿಮಗೆ ತೊಡಕಾದದ್ದು ಅನಿಮೇಷನ್ ಅಲ್ಲ, ಶೂಟಿಂಗ್. ಅಜ್ಜ ಗಾಳಿಯಲ್ಲಿ ಕೈ ಹಿಡಿದು ನಿಂತಿದ್ದಾರೆ, ಕೈಗೆ ಏನೂ ತಾಕಿಲ್ಲ. ನಿಜವಾದ ನಾಯಿ ಒರಗಿದ್ದರೆ ಕೈ ಒಂದೆರಡು ಬೆರಳಿನಷ್ಟು ಕುಸಿದು, ಮತ್ತೆ ಎದುರು ಒತ್ತಿ ಮೇಲೆ ಬರುತ್ತಿತ್ತು. ಅದಕ್ಕೇ ಸಿನಿಮಾ ಸೆಟ್‌ನಲ್ಲಿ ನಟರ ಎದುರು ನೀಲಿಯೋ ಬೂದುಬಣ್ಣದ್ದೋ ಬಟ್ಟೆ ಹೊದಿಸಿದ ಬೊಂಬೆ ತಲೆಯನ್ನು ಯಾರಾದರೂ ಹಿಡಿದು ಒತ್ತುತ್ತಾರೆ, ಆಮೇಲೆ ಅದನ್ನು ಅಳಿಸಿ ಡಿಜಿಟಲ್ ಪ್ರಾಣಿ ಕೂರಿಸುತ್ತಾರೆ. ಮತ್ತೆ ತೆಗೆಯುವುದಾದರೆ ಹೊಲಿದ ದಿಂಬೊಂದನ್ನು ಕೋಲಿಗೆ ಕಟ್ಟಿ ನೀವೇ ಒತ್ತಿ. ಕಣ್ಣಿನ ನೋಟವೂ ಆಗ ತಾನಾಗೇ ಸರಿಯಾಗುತ್ತದೆ. ಈಗ ಅಜ್ಜ ನಾಯಿಯ ಕಿವಿಯ ಹಿಂದೆ ಎಲ್ಲೋ ನೋಡುತ್ತಿದ್ದಾರೆ.

ಇದೇ ಪ್ಲೇಟ್ ಉಳಿಸಿಕೊಳ್ಳುವುದಾದರೆ ನಾಯಿಯ ನಡತೆಯನ್ನೇ ಬದಲಿಸಿ. ಒರಗಿಸಬೇಡಿ. ಮೂಸಲಿ. ಮೂಗು ಬೆರಳಿಗೆ ತಾಕಿಯೂ ತಾಕದ ಹಾಗೆ ಬಂದು, ಎರಡು ಸಲ ಮೂಸಿ, ಕತ್ತು ಎತ್ತಿ ಅಜ್ಜನ ಮುಖ ನೋಡಲಿ. ಕೈಯ ಮೇಲೆ ಭಾರ ಬೀಳುವ ಪ್ರಮೇಯವೇ ಇಲ್ಲ. ಅಜ್ಜನ ಕೈಯನ್ನು ಒಂದು ಸರಳ ಮಾಡೆಲ್‌ನಿಂದ ಫ್ರೇಮು ಫ್ರೇಮಿಗೆ ಹೊಂದಿಸಿಕೊಂಡು ನಾಯಿಯ ಮೂಗನ್ನು ಅದಕ್ಕೆ ಕಟ್ಟಿದರೆ ಕೈ ನಡುಗಿದಾಗ ಮೂಗೂ ನಡುಗುತ್ತದೆ, ಬೆರಳಿನ ನೆರಳು ಮೂಗಿನ ಮೇಲೆ ಬೀಳುತ್ತದೆ. ನನ್ನನ್ನು ಕೇಳಿದರೆ ಒರಗುವುದಕ್ಕಿಂತ ಇದೇ ಚೆಂದ. ಮುಧೋಳ ನಾಯಿ ಮೈಮೇಲೆ ಬೀಳುವ ಸ್ವಭಾವದ್ದಲ್ಲ ಅಂತ ಸಾಕಿದವರೇ ಹೇಳುತ್ತಾರೆ.

ಮೋಷನ್ ಕ್ಯಾಪ್ಚರ್ ಬಗ್ಗೆ ಕೇಳಿದ್ದೀರಿ. ಕಲಿಯಬೇಡಿ ಅನ್ನುವುದಿಲ್ಲ, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ಮನುಷ್ಯನ ಮೈಕಟ್ಟಿನ ಪಾತ್ರಗಳಿಗೆ ಅದು ದೊಡ್ಡ ಉಪಕಾರ. ಅಲ್ಲೂ ಸೆರೆಹಿಡಿದ ಡೇಟಾ ಹಾಗೇ ಪರದೆಗೆ ಬರುವುದಿಲ್ಲ. ಆಂಡಿ ಸರ್ಕಿಸ್ ನಟಿಸಿದ ಗೋಲಮ್ ಪಾತ್ರದ ಹೆಸರು ಎಲ್ಲರೂ ಹೇಳುತ್ತಾರೆ. 2002ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಟೂ ಟವರ್ಸ್' ಸಿನಿಮಾದಲ್ಲಿ ಮೈಚಲನೆಗೆ ಕ್ಯಾಪ್ಚರ್ ಬಳಸಿದರೂ ಮುಖವನ್ನು ಅನಿಮೇಟರುಗಳು ಅವರ ನಟನೆ ನೋಡಿಕೊಂಡು ಕೀಫ್ರೇಮಿನಲ್ಲಿ ಕೈಯಿಂದ ಮಾಡಿದ್ದರು. 2012ರ 'ಲೈಫ್ ಆಫ್ ಪೈ'ನ ಹುಲಿಯೂ ಕೀಫ್ರೇಮಿನದೇ. ನಿಜವಾದ ಹುಲಿಗಳನ್ನು ಶೂಟ್ ಮಾಡಿ, ಅದನ್ನು ಪಕ್ಕದಲ್ಲಿಟ್ಟುಕೊಂಡು ಪಂಜ ಎಲ್ಲಿ ಅಗಲವಾಗುತ್ತದೆ, ಹೆಗಲು ಎಲ್ಲಿ ಜಾರುತ್ತದೆ ಅಂತ ನೋಡಿ ಮಾಡಿದ್ದು. ಒಂದೇ ಸಿನಿಮಾದಲ್ಲಿ ನಿಜವಾದ ಹುಲಿಯ ಶಾಟ್‌ಗಳೂ ಇದ್ದುದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅದನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ಮುಂಬೈ, ಹೈದರಾಬಾದಿನಲ್ಲೂ ಸ್ಟುಡಿಯೋ ಇತ್ತು. 2013ರ ಫೆಬ್ರುವರಿಯಲ್ಲಿ ಆಸ್ಕರ್ ಬರುವ ಕೆಲವೇ ದಿನ ಮುಂಚೆ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಈ ಉದ್ಯಮದ ಇನ್ನೊಂದು ಮುಖವೂ ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಹಾಗಂತ ಕೆಲಸ ಇಲ್ಲ ಅಂತಲ್ಲ. ನಮ್ಮಲ್ಲಿ ಸಿನಿಮಾಕ್ಕೆ ಜೀವಂತ ಪ್ರಾಣಿ ಬಳಸಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಹೀಗಾಗಿ ಎತ್ತು, ಕುದುರೆ, ಹುಲಿ, ಆನೆ ಏನೇ ಬಂದರೂ ಡಿಜಿಟಲ್‌ನಲ್ಲೇ ಮಾಡಿಬಿಡೋಣ ಅನ್ನುವ ನಿರ್ಮಾಪಕರು ಹೆಚ್ಚು. ನಾಲ್ಕು ಕಾಲಿನ ಪ್ರಾಣಿಯನ್ನು ನಂಬುವಂತೆ ನಡೆಸಬಲ್ಲವರು ಕಡಿಮೆ.

ಶೋರೀಲ್ ಬಗ್ಗೆ ಎರಡು ಮಾತು. ಒಂದು ನಿಮಿಷ ಸಾಕು, ಈ ಶಾಟ್ ಸರಿಯಾದರೆ ಇದನ್ನೇ ಮೊದಲು ಹಾಕಿ. ರೆಂಡರ್ ಆದದ್ದರ ಪಕ್ಕ ಬೂದುಬಣ್ಣದ ಪ್ಲೇಬ್ಲಾಸ್ಟ್ (ಕೂದಲು, ಟೆಕ್ಸ್ಚರ್ ಇಲ್ಲದ ಕಚ್ಚಾ ವಿಡಿಯೋ) ಕೂಡ ಇಡಿ, ಕ್ರಿಯೇಚರ್ ಅನಿಮೇಟರ್ ಹುಡುಕುವವರು ನೋಡುವುದು ಅದನ್ನೇ. ಹಿನ್ನೆಲೆಗೆ ಅಬ್ಬರದ ಹಾಡು ಬೇಡ, ಹೆಚ್ಚಿನವರು ಸೌಂಡ್ ಮ್ಯೂಟ್ ಮಾಡಿಯೇ ನೋಡುತ್ತಾರೆ. ಮಾಡೆಲ್ ಮತ್ತು ರಿಗ್ ಇಂಟರ್ನೆಟ್ಟಿನಿಂದ ತಂದದ್ದಾದರೆ ಮಾಡಿದವರ ಹೆಸರು ಪರದೆಯ ಮೇಲೆಯೇ ಬರೆಯಿರಿ. ಹೆಗಲಿನ ಕಂಟ್ರೋಲ್ ನೀವು ಸೇರಿಸಿದರೆ ಅದನ್ನೂ ಬರೆಯಿರಿ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಅಳತೆ ಮತ್ತು ಫ್ರೇಮ್ ರೇಟ್ ಸರಿಮಾಡಿಕೊಂಡು ಜಿಗಿತದ ಆ 17 ಫ್ರೇಮು, ಇಳಿದ ಮೇಲಿನ ಹತ್ತು ಫ್ರೇಮು ಮಾತ್ರ ಮತ್ತೆ ಮಾಡಿ. ಕೂದಲು ಬೇಡ, ರೆಂಡರ್ ಬೇಡ. ಬೂದು ನಾಯಿಯನ್ನೇ ಕಳಿಸಿ, ಓಟದ ವಿಷಯ ಅದನ್ನು ನೋಡಿದ ಮೇಲೆ ಮಾತಾಡೋಣ.